ಕೆಲಸ ಕೇಳಿದ್ರೆ ಆಗಲ್ಲ ಅಂತಾರೆ, ಪಿಂಚಣಿ ಕೇಳಿದ್ರೆ ದುಡೀಬಹುದಲ್ಲ ಅಂತಾರೆ

ಮಾನ್ಯ ಸಂಪಾದಕರೇ,

11 ವರ್ಷ ಕೆಲಸ ಹುಡುಕಿದ ಮೇಲೆ ಹೋದ ತಿಂಗಳು ಮೊದಲನೇ ಸಲ ಅಂಗವಿಕಲರ ಪಿಂಚಣಿಗೆ ಅರ್ಜಿ ಕೊಡೋಣ ಅಂತ ಹೋದೆ. ನನಗೆ ಎರಡೂ ಕಿವಿ ಸರಿಯಾಗಿ ಕೇಳಿಸಲ್ಲ, ಒಂಬತ್ತನೇ ವಯಸ್ಸಲ್ಲಿ ಜೋರಾಗಿ ಜ್ವರ ಬಂದಿತ್ತು, ಅದಾದ್ಮೇಲೆ ಕೇಳಿಸೋದು ವರ್ಷ ವರ್ಷಕ್ಕೂ ಕಡಿಮೆ ಆಗ್ತಾ ಬಂತು, ಸರ್ಟಿಫಿಕೇಟಲ್ಲಿ 64 ಪರ್ಸೆಂಟ್ ಅಂತ ಇದೆ. ಬಿ.ಕಾಂ ಮುಗಿಸಿದೀನಿ, ಟ್ಯಾಲಿ ಗೊತ್ತು, ಎಕ್ಸೆಲ್ ಚೆನ್ನಾಗಿ ಬರುತ್ತೆ. ಮಿಷನ್ ಹಾಕ್ಕೊಂಡು ಎದುರಿಗೆ ಕೂತವರ ತುಟಿ ನೋಡ್ತಾ ಇದ್ರೆ ಮುಕ್ಕಾಲು ಪಾಲು ಮಾತು ಅರ್ಥ ಆಗುತ್ತೆ, ಫೋನಲ್ಲಿ ಮಾತ್ರ ಏನೂ ಆಗಲ್ಲ.

ಅವತ್ತು ಕ್ಯೂನಲ್ಲಿ ಕೂತಿದ್ದೆ, ಅಲ್ಲಿ ಹೆಸರು ಕೂಗಿ ಕರೀತಾರೆ. ನನ್ನ ಹೆಸರು ಎರಡು ಸಲ ಕೂಗಿದ್ರಂತೆ, ನನಗೆ ಗೊತ್ತೇ ಆಗಲಿಲ್ಲ, ಪಕ್ಕದಲ್ಲಿದ್ದವರು ಭುಜ ತಟ್ಟಿ ಹೇಳೋ ಹೊತ್ತಿಗೆ ನನ್ನ ಸರದಿ ಹೋಗಿತ್ತು. ಕಿವಿ ಕೇಳಿಸಲ್ಲ ಅನ್ನೋ ಕಾರಣಕ್ಕೇ ಬಂದಿರೋ ಜಾಗದಲ್ಲಿ ಕಿವಿ ಕೇಳಿಸಿದ್ರೆ ಮಾತ್ರ ಒಳಗೆ ಹೋಗೋಕೆ ಆಗುತ್ತೆ. ಕೊನೆಗೆ ಒಳಗೆ ಹೋದಾಗ ಟೇಬಲ್ ಹಿಂದೆ ಇದ್ದವರು ಏನೋ ಹೇಳಿದ್ರು, ತಲೆ ಬಗ್ಗಿಸಿಕೊಂಡು ಹೇಳಿದ್ರು, ತುಟಿ ಕಾಣಲಿಲ್ಲ, ದಯವಿಟ್ಟು ಬರೆದು ಕೊಡಿ ಸಾರ್ ಅಂದೆ. ಅವರು ನನ್ನ ಅರ್ಜಿ ಹಿಂದುಗಡೆನೇ ಪೆನ್ನಲ್ಲಿ ಬರೆದ್ರು: "ಓದಿದೀರ, ಕೈಕಾಲು ಗಟ್ಟಿ ಇದೆ, ದುಡಿಯಬಹುದಲ್ಲ." ಅಷ್ಟು ಬರೆದು ಅರ್ಜಿ ವಾಪಸ್ ಕೊಟ್ರು. ಆ ಹಾಳೆ ನನ್ನ ಹತ್ರ ಇದೆ.

ಇನ್ನೊಂದು ಹಾಳೆನೂ ಇದೆ, ಅದು ಮೂರು ವರ್ಷದ ಹಿಂದೆ ಒಂದು ಖಾಸಗಿ ಆಫೀಸಿಂದ ಬಂದ ಮೇಲ್‌ನ ಪ್ರಿಂಟು. ಅಕೌಂಟ್ಸ್ ಎಂಟ್ರಿ ಮಾಡೋ ಕೆಲಸ, ಟೆಸ್ಟ್ ಕೊಟ್ಟಿದ್ರು, ಪಾಸಾಗಿದ್ದೆ. ಮೇಲಲ್ಲಿ ಇದ್ದದ್ದು ಇಷ್ಟೇ, ನಿಮಗೆ ಕೇಳಿಸೋ ತೊಂದರೆ ಇರೋದ್ರಿಂದ ಈ ಕೆಲಸ ನಿಮ್ಮಿಂದ ಆಗಲ್ಲ ಅಂತ ನಮ್ಮ ಅಭಿಪ್ರಾಯ. ಎರಡೂ ಹಾಳೆ ಪಕ್ಕ ಪಕ್ಕ ಇಟ್ಟು ನೋಡಿದ್ರೆ, ಒಬ್ಬರು ನನ್ನಿಂದ ಆಗಲ್ಲ ಅಂತಾರೆ, ಇನ್ನೊಬ್ಬರು ಆಗುತ್ತೆ ಅಂತಾರೆ, ಎರಡರಲ್ಲೂ ನನಗೆ ಸಿಕ್ಕಿದ್ದು ಏನೂ ಇಲ್ಲ. ಈ ಪತ್ರ ಬರೀತಾ ಇರೋದೇ ಇದಕ್ಕೆ.

ಈ 11 ವರ್ಷ ಹೇಗೆ ಹೋಯ್ತು ಅಂತ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಪಿಂಚಣಿ ಕೇಳೋರು ಸೋಮಾರಿಗಳು ಅನ್ನೋ ಮಾತು ಬಂಧುಗಳ ಮನೇಲೂ ಕೇಳಿದೀನಿ. ಶುರುವಲ್ಲಿ ರೆಸ್ಯೂಮೆ ಮೇಲ್ಗಡೆನೇ ಕಿವಿ ವಿಷಯ ಬರೀತಿದ್ದೆ, ಒಂದು ಉತ್ತರನೂ ಬರ್ತಿರಲಿಲ್ಲ. ಆಮೇಲೆ ಆ ಸಾಲು ತೆಗೆದೆ, ಆಗ ಕಾಲ್ ಬರೋಕೆ ಶುರುವಾಯ್ತು, ಆದ್ರೆ ಬರೋದು ಫೋನ್ ಕಾಲು, ತಮ್ಮ ಎತ್ತಿ ಅಣ್ಣಂಗೆ ಕೇಳಿಸಲ್ಲ ಮೆಸೇಜ್ ಮಾಡಿ ಅಂತ ಹೇಳಿದ ತಕ್ಷಣ ಆ ಕಡೆಯಿಂದ ಕಟ್. ಕೋವಿಡ್ ಬಂದಾಗ ಎಲ್ಲರೂ ಮಾಸ್ಕ್ ಹಾಕ್ಕೊಂಡ್ರು, ತುಟಿನೂ ಹೋಯ್ತು, ಆ ಎರಡು ವರ್ಷ ನೇರ ಇಂಟರ್‌ವ್ಯೂಗೆ ಹೋದ್ರೆ ಗೋಡೆ ಮುಂದೆ ಕೂತಂಗೆ ಆಗ್ತಿತ್ತು. ಮಧ್ಯದಲ್ಲಿ ಒಂದು ಕಡೆ ನಾಲ್ಕು ತಿಂಗಳು ಕೆಲಸ ಮಾಡಿದೆ, ಆ ನಾಲ್ಕು ತಿಂಗಳು ನನ್ನ ಜೀವನದಲ್ಲಿ ಮರೆಯೋಕಾಗಲ್ಲ, ಪಕ್ಕದ ಟೇಬಲಿನ ಹುಡುಗಿ ಏನಿದ್ರೂ ಚಾಟಲ್ಲಿ ಟೈಪ್ ಮಾಡೋಳು, ಒಂದು ಲೆಕ್ಕನೂ ತಪ್ಪಿರಲಿಲ್ಲ, ಹೊಸ ಮ್ಯಾನೇಜರ್ ಬಂದ್ರು, ಇಲ್ಲಿ ಎಲ್ಲರೂ ಕ್ಲೈಂಟ್ ಫೋನ್ ಎತ್ತಬೇಕು ಅಂದ್ರು, ಮುಗೀತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲಲ್ಲಿ ಜಾರಿಗೆ ಬಂತು. ನಾನು ವಕೀಲ ಅಲ್ಲ, ಆದ್ರೂ ಕೂತು ಪೂರ್ತಿ ಓದಿದೀನಿ. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, ಇದರಲ್ಲಿ 21 ಮಾಡಿದ್ರು. ಸರ್ಕಾರಿ ಕೆಲಸದಲ್ಲಿ ಕಮ್ಮಿ ಅಂದ್ರೂ 4 ಪರ್ಸೆಂಟ್ ಮೀಸಲು, ಅದರಲ್ಲಿ 1 ಪರ್ಸೆಂಟ್ ನಮ್ಮಂಥ ಕಿವಿ ಕೇಳದವರಿಗೆ. ಆ ಚಾಟಲ್ಲಿ ಟೈಪ್ ಮಾಡೋ ಹುಡುಗಿ ಮಾಡಿದ್ಲಲ್ಲ, ಆ ಥರದ ಅನುಕೂಲ ಮಾಡಿಕೊಡೋದು ಸರ್ಕಾರಿ ಸಂಸ್ಥೆಗಳ ಕರ್ತವ್ಯ ಅಂತ 20ನೇ ಸೆಕ್ಷನ್ ಹೇಳುತ್ತೆ, ಅವಳಿಗೆ ಯಾವ ಸೆಕ್ಷನ್ನೂ ಗೊತ್ತಿರಲಿಲ್ಲ, ಮನಸ್ಸಿತ್ತು. ಖಾಸಗಿಯವರ ವಿಷಯಕ್ಕೆ ಬಂದ್ರೆ ಕಾಯ್ದೆ ಮೆತ್ತಗಾಗುತ್ತೆ, 5 ಪರ್ಸೆಂಟ್ ವಿಕಲಚೇತನರನ್ನ ಇಟ್ಟುಕೊಳ್ಳೋಕೆ ಪ್ರೋತ್ಸಾಹ ಕೊಡಿ ಅಂತಷ್ಟೇ ಇದೆ, ಅದೂ ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ.

2011ರ ಜನಗಣತಿ ಪ್ರಕಾರ ದೇಶದಲ್ಲಿ ವಿಕಲಚೇತನರು 2 ಕೋಟಿ 68 ಲಕ್ಷ, ಕರ್ನಾಟಕದಲ್ಲೇ 13 ಲಕ್ಷದ ಮೇಲೆ. ದೇಶದ ಲೆಕ್ಕದಲ್ಲಿ ಅವರ ಪೈಕಿ ದುಡಿತಾ ಇದ್ದದ್ದು 36 ಪರ್ಸೆಂಟ್. ಮಿಕ್ಕವರಲ್ಲಿ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ, ಒಪ್ಪುತ್ತೀನಿ, ಆದ್ರೆ ನನ್ನ ಥರ ಅರ್ಜಿ ಹಾಕಿ ಹಾಕಿ ಸುಸ್ತಾದವರೂ ಅದರೊಳಗೇ ಇದ್ದಾರೆ.

ಈಗ ಆ ಟೇಬಲ್ ಹಿಂದಿನವರು ಬರೆದ ಮಾತಿಗೆ ಬರ್ತೀನಿ. ದುಡಿಯೋಕೆ ಆಗದೇ ಇರೋರಿಗೆ ಮಾತ್ರ ಪಿಂಚಣಿ ಅಂತ ಕಾಯ್ದೆಯಲ್ಲಿ ಎಲ್ಲಿದೆ? 24ನೇ ಸೆಕ್ಷನ್ ನೋಡಿ, ಪಿಂಚಣಿಗೆ ಅಲ್ಲಿ ಹೇಳಿರೋದು ವರಮಾನದ ಮಿತಿ ಬಗ್ಗೆ. ನನ್ನ ವರಮಾನ ಸೊನ್ನೆ. ಪರ್ಸೆಂಟೇಜ್ ಅನ್ನೋದೂ ಅಷ್ಟೇ, ಕಿವಿಗೆ ಹೆಡ್‌ಫೋನ್ ಹಾಕಿ ಯಾವ ಡೆಸಿಬೆಲ್‌ಗೆ ಕೇಳಿಸುತ್ತೆ ಅಂತ ಟೆಸ್ಟ್ ಮಾಡಿ ಹಾಕಿದ ಲೆಕ್ಕ ಅದು, ನನ್ನ ಕಿವಿ ಎಷ್ಟು ಹೋಗಿದೆ ಅಂತ ಹೇಳುತ್ತೆ, ನನಗೆ ಕೆಲಸ ಕೊಡೋಕೆ ಯಾರು ರೆಡಿ ಇದಾರೆ ಅಂತ ಹೇಳಲ್ಲ. ಕೆಲಸ ಮಾಡೋ ಶಕ್ತಿ ಇರೋದು ಬೇರೆ, ಕೆಲಸ ಸಿಗೋದು ಬೇರೆ. ಈ ಎರಡನ್ನ ಒಂದು ಮಾಡಿ ಅರ್ಜಿ ವಾಪಸ್ ಕೊಟ್ರೆ ನಾವು ಎಲ್ಲಿಗೆ ಹೋಗಬೇಕು.

ಬೇಜಾರು ಅಂದ್ರೆ, ನನ್ನ ಥರದವರಿಗೆ ಅಂತಲೇ ಬರೆದ ಮಾತು ಅದೇ 24ನೇ ಸೆಕ್ಷನಲ್ಲಿ ಇದೆ. ವಿಶೇಷ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಎರಡು ವರ್ಷಕ್ಕಿಂತ ಜಾಸ್ತಿ ಆಗಿದ್ದು, ಆದಾಯದ ಕೆಲಸ ಸಿಗದೇ ಇರೋ ವಿಕಲಚೇತನರಿಗೆ ನಿರುದ್ಯೋಗ ಭತ್ಯೆ. ಇದು ಹೊಸದೂ ಅಲ್ಲ, 1995ರ ಕಾಯ್ದೆಯ 68ನೇ ಸೆಕ್ಷನಲ್ಲೂ ಇದೇ ಎರಡು ವರ್ಷದ ಮಾತಿತ್ತು. ಇದರ ಬಗ್ಗೆ ಕೇಳಿದ್ದಕ್ಕೆ ಕೌಂಟರಿನವರು ಯುವನಿಧಿ ಹಾಕಿ ಅಂತ ಬರೆದು ತೋರಿಸಿದ್ರು. ಯುವನಿಧಿ ಶುರುವಾಗಿದ್ದು 2022-23ರಲ್ಲಿ ಪಾಸಾದವರಿಂದ, ನಾನು ಡಿಗ್ರಿ ಮುಗಿಸಿ ಆಗಲೇ ಎಷ್ಟೋ ವರ್ಷ ಆಗಿತ್ತು. ಅವರಿಗೆ ಬೈಯ್ಯೋಕೆ ಮನಸ್ಸಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಆದ್ರೆ ಹೇಳಿಕೊಡಬೇಕಾದವರು ಇದಾರಲ್ಲ.

ಮೊತ್ತದ ಬಗ್ಗೆನೂ ಒಂದು ಮಾತು. ನಮ್ಮ ರಾಜ್ಯದಲ್ಲಿ 40 ಪರ್ಸೆಂಟಿಂದ ಮೇಲೆ, 75ಕ್ಕಿಂತ ಕಮ್ಮಿ ಇರೋರಿಗೆ ತಿಂಗಳಿಗೆ 600 ಇತ್ತು, 2021ರಲ್ಲಿ 800 ಮಾಡಿದ್ರು. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿ ಯೋಜನೆಯಲ್ಲಿ ಕೇಂದ್ರದ ಪಾಲು 300 ರೂಪಾಯಿ, ಅದೂ ಬಡತನ ರೇಖೆಗಿಂತ ಕೆಳಗಿದ್ದು 80 ಪರ್ಸೆಂಟ್ ಮೇಲೆ ಇದ್ರೆ ಮಾತ್ರ. 800 ರೂಪಾಯಿಗೆ ಯಾರೂ ಕೆಲಸ ಬಿಟ್ಟು ಮನೇಲಿ ಕೂರಲ್ಲ. ನಾನು ಕೇಳಿದ್ದು ಹಿಯರಿಂಗ್ ಏಡ್ ಬ್ಯಾಟರಿಗೆ, ಇಂಟರ್‌ವ್ಯೂಗೆ ಹೋಗೋ ಬಸ್ ಚಾರ್ಜಿಗೆ ಪ್ರತಿ ಸಲ ಅಮ್ಮನ ಮುಂದೆ ಕೈ ಚಾಚಬಾರದು ಅಂತ. ಅಮ್ಮ ಯಾವತ್ತೂ ಇಲ್ಲ ಅಂದಿಲ್ಲ, ಅದಕ್ಕೇ ಕೇಳೋಕೆ ಇನ್ನೂ ಕಷ್ಟ ಆಗುತ್ತೆ.

ಅರ್ಜಿ ಹಾಕೋದಕ್ಕೇ ಇಷ್ಟು ವರ್ಷ ಯಾಕೆ ತಗೊಂಡೆ ಅಂತ ತಮ್ಮ ಕೇಳ್ತಾನೆ. ಪಿಂಚಣಿ ತಗೊಂಡ್ರೆ ನನ್ನ ಕೈಲಿ ಏನೂ ಆಗಲ್ಲ ಅಂತ ನಾನೇ ಸಹಿ ಹಾಕಿದಂಗೆ ಅನ್ನೋ ಭಯ ಇತ್ತು, ಇನ್ನೊಂದು ಆರು ತಿಂಗಳು ನೋಡೋಣ, ಈ ಒಂದು ಎಕ್ಸಾಮ್ ರಿಸಲ್ಟ್ ಬರಲಿ ಅಂತ ಮುಂದಕ್ಕೆ ಹಾಕ್ತಾನೇ ಬಂದೆ. ಈಗ ಆ ಭಯ ಇಲ್ಲ. ಕಾಯ್ದೆ ಓದಿದ ಮೇಲೆ ಹೋಯ್ತು, ಅದರಲ್ಲಿ ಕೆಲಸದ ಹಕ್ಕೂ ಇದೆ, ಪಿಂಚಣಿ ಹಕ್ಕೂ ಇದೆ, ಒಂದು ಕೇಳಿದ್ರೆ ಇನ್ನೊಂದು ಬಿಟ್ಟಂಗೆ ಅಂತ ಎಲ್ಲೂ ಇಲ್ಲ.

ಇಲಾಖೆಯವರಲ್ಲಿ ನಾನು ಕೇಳೋದು ದೊಡ್ಡದೇನಲ್ಲ. 24ನೇ ಸೆಕ್ಷನಿನ ನಿರುದ್ಯೋಗ ಭತ್ಯೆ ಎಲ್ಲಿ ಕೇಳಬೇಕು, ಎಷ್ಟು, ಯಾವ ಫಾರ್ಮ್, ಇದನ್ನ ಪ್ರತಿ ಉದ್ಯೋಗ ವಿನಿಮಯ ಕೇಂದ್ರದಲ್ಲೂ ಪ್ರತಿ ನಾಡಕಚೇರಿಯಲ್ಲೂ ಬೋರ್ಡ್ ಹಾಕಿ ಬರೀರಿ. ಅರ್ಜಿ ಬೇಡ ಅನ್ನೋದಾದ್ರೆ ಬಾಯಲ್ಲಿ ಹೇಳಿ ಕಳಿಸಬೇಡಿ, ತಗೊಂಡು ನಂಬರ್ ಕೊಟ್ಟು ಯಾಕೆ ಆಗಲ್ಲ ಅಂತ ಕಾಗದದಲ್ಲಿ ಉತ್ತರ ಕೊಡಿ. ಹೆಸರು ಕೂಗೋ ಜಾಗದಲ್ಲಿ ಒಂದು ಟೋಕನ್ ಬೋರ್ಡ್ ಇಡಿ, ಬ್ಯಾಂಕಲ್ಲಿ ಇರುತ್ತಲ್ಲ ಅಂಥದ್ದು.

ಹಳ್ಳಿ ಕಡೆ ಇರೋ ನನ್ನಂಥವರಿಗೆ ಒಂದು ವಿಷಯ, ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರ್ತಾರೆ, ತಾಲೂಕಿಗೆ ಎಂ.ಆರ್.ಡಬ್ಲ್ಯೂ, ಅಂದ್ರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂತ ಇರ್ತಾರೆ, ಅವರಲ್ಲಿ ಬಹಳ ಜನ ಸ್ವತಃ ವಿಕಲಚೇತನರು, ಒಬ್ಬರೇ ಹೋಗೋಕೆ ಆಗಲ್ಲ ಅನ್ಸಿದ್ರೆ ಮೊದಲು ಅವರನ್ನ ಹಿಡೀರಿ. ನಾನು ಇದನ್ನ ತುಂಬಾ ಲೇಟಾಗಿ ತಿಳ್ಕೊಂಡೆ.

ಮುಂದಿನ ಸೋಮವಾರ ಮತ್ತೆ ಹೋಗ್ತಾ ಇದೀನಿ. ಈ ಸಲ ಎರಡು ಅರ್ಜಿ ಇದೆ, ಒಂದು ಪಿಂಚಣಿಗೆ, ಒಂದು ನಿರುದ್ಯೋಗ ಭತ್ಯೆಗೆ, ಎರಡಕ್ಕೂ ಆ ಎರಡು ಹಾಳೆಯ ಜೆರಾಕ್ಸ್ ಲಗತ್ತಿಸಿದೀನಿ. ತಮ್ಮ ಜೊತೆಗೆ ಬರ್ತಾನೆ, ಹೆಸರು ಕೂಗಿದಾಗ ಹೇಳೋಕೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ