ಕಪ್ಪು ಹುರುಪೆ, ಬಿಳಿ ಹುರುಪೆ

ಚಿ. ಮೇಘನಾಳಿಗೆ, ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಸೆಮಿನಾರಿಗಾಗಿ ನೀನು ಬರೆದ ಪ್ರಬಂಧವನ್ನು ಎರಡು ಸಲ ಓದಿದೆ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ನನಗೆ ಅದರಲ್ಲಿ ಒಂದು ವಾಕ್ಯ ಮಾತ್ರ ಒಪ್ಪಿಗೆಯಾಗಲಿಲ್ಲ. ಹಿಂದೂ ಮಹಾಸಾಗರದ ತಳದಲ್ಲಿರುವ ಹುರುಪೆಗಾಲಿನ ಬಸವನಹುಳು ‘ಶತ್ರುಗಳಿಂದ ಪಾರಾಗಲೆಂದೇ ಕಬ್ಬಿಣದ ಕವಚ ತೊಟ್ಟಿದೆ’ ಎಂದಿದ್ದೀಯ. ಜೀವಿಯ ಉದ್ದೇಶವನ್ನು ಊಹಿಸುವ ಮೊದಲು ಅದು ಬದುಕುವ ನೀರಿನಲ್ಲಿ ಏನೇನಿದೆ ಎಂದು ವಿಚಾರಿಸು, ಮಗಳೇ.

ಈ ಹುಳು 2001ರಲ್ಲಿ ಮೊದಲು ಸಿಕ್ಕಿದ್ದು ರಾಡ್ರಿಗಸ್ ದ್ವೀಪದ ಆಗ್ನೇಯಕ್ಕೆ, ಸುಮಾರು 2,400 ಮೀಟರ್ ಆಳದಲ್ಲಿರುವ ಕೈರೇಯಿ ಎಂಬ ಬಿಸಿನೀರಿನ ಬುಗ್ಗೆಗಳ ತಾಣದಲ್ಲಿ. ಅಲ್ಲಿಯ ಹುಳುವಿನ ಪಾದದ ಸುತ್ತ, ಮಾಡಿಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತ ಹುರುಪೆಗಳು ಕಬ್ಬಿಣದ ಸಲ್ಫೈಡಿನಿಂದ ಕಪ್ಪಾಗಿವೆ. ಆದರೆ ಅದಕ್ಕೂ ಉತ್ತರದ ಸಾಲಿಟೇರ್ ತಾಣದಲ್ಲಿ ಇದೇ ಪ್ರಭೇದದ ಹುಳುಗಳು ಬೆಳ್ಳಗಿವೆ, ಏಕೆಂದರೆ ಅಲ್ಲಿ ಉಕ್ಕುವ ನೀರಿನಲ್ಲಿ ಕಬ್ಬಿಣ ತೀರ ಕಡಿಮೆ. ಕವಚವೇ ಪ್ರಾಣಾಧಾರವಾಗಿದ್ದರೆ ಈ ಬಿಳಿಯವು ಉಳಿದದ್ದು ಹೇಗೆ? 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹುರುಪೆಯೊಳಗಿನ ಸೂಕ್ಷ್ಮ ನಾಳಗಳ ಮೂಲಕ ಹುಳುವಿನ ಮೈಯಿಂದ ಗಂಧಕ ಬರುತ್ತದೆ, ಹೊರಗಿನ ನೀರಿನ ಕಬ್ಬಿಣ ಒಳಕ್ಕಿಳಿಯುತ್ತದೆ, ಅವೆರಡೂ ಕೂಡಿದಲ್ಲಿ ಆ ಕಪ್ಪು ಖನಿಜ ಹುಟ್ಟುತ್ತದೆ. ರಕ್ಷಣೆಯ ಮಾತು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ಕವಚದಲ್ಲಿ ಬುಗ್ಗೆಯ ಪಾಲೂ ಇದೆ.

ಒಳಗೂ ಹಾಗೆಯೇ. ಅನ್ನನಾಳದ ಗ್ರಂಥಿ ಹಿಗ್ಗಿ ಬ್ಯಾಕ್ಟೀರಿಯಾಗಳ ಮನೆಯಾಗಿದೆ. ಬುಗ್ಗೆಯ ಹೈಡ್ರೋಜನ್ ಸಲ್ಫೈಡಿನಿಂದ ಅವು ಶಕ್ತಿ ಪಡೆದು ಹುಳುವಿಗೆ ಆಹಾರ ಒದಗಿಸುತ್ತವೆ. ಆ ಮನೆಗೆ ರಕ್ತ ಹರಿಸುವ ಹೃದಯವೋ ದೇಹದ ಗಾತ್ರದ ಸುಮಾರು ಶೇ. 4ರಷ್ಟಿದೆ, ಇದನ್ನು ಮೊದಲು ಓದಿದ ದಿನ ನಾನು ನಿನ್ನ ದೊಡ್ಡಮ್ಮನನ್ನು ಕರೆದು ಹೇಳಿದ್ದೆ. ಹೀಗೆಯೇ ಒಳಗಿನ ಬ್ಯಾಕ್ಟೀರಿಯಾಗಳನ್ನು ನಂಬಿ ಬದುಕುವ ಪೆಸಿಫಿಕ್ ಸಾಗರದ ಕೊಳವೆಹುಳುವಿಗೆ ಬಾಯಿಯೂ ಕರುಳೂ ಇಲ್ಲದ ಸಂಗತಿಯನ್ನು ನೀನೇ ಚೆನ್ನಾಗಿ ಬರೆದಿದ್ದೀಯ.

ಬುಗ್ಗೆಗಳು ಕಟ್ಟುವ ಲೋಹದ ಅದಿರಿನ ಶೋಧಕ್ಕೆ ನಮ್ಮ ದೇಶವೂ 2016ರಲ್ಲಿ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಡನೆ ಒಪ್ಪಂದ ಮಾಡಿಕೊಂಡಿದೆ. ಸಾಗರತಳದ ಗಣಿಗಾರಿಕೆಯ ಭಯದಿಂದಲೇ ಈ ಹುಳು 2019ರಲ್ಲಿ ಅಳಿವಿನ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿ ಸೇರಿತು. ನಾಳೆ ನೀನು ಅಂಥ ಸಮೀಕ್ಷೆಯ ಹಡಗು ಹತ್ತಿದರೆ, ಹುಳುವಿನ ಶೀಸೆಯ ಪಕ್ಕದಲ್ಲಿ ಅದೇ ಬುಗ್ಗೆಯ ನೀರಿನ ಶೀಸೆಯೂ ಇರಲೇಬೇಕೆಂದು ಹಠ ಹಿಡಿ. ಒಂದು ಬುಗ್ಗೆ ಹಾಳಾದರೇನು, ಇನ್ನೊಂದರಲ್ಲಿ ಅದೇ ಹುಳು ಇದೆಯಲ್ಲ ಎನ್ನುವವರ ಮುಂದೆ ಆ ಎರಡನ್ನೂ ಇಡಬಹುದು.

ಆ ವಾಕ್ಯ ತಿದ್ದಿದ ಪ್ರತಿಯನ್ನು ದಸರಾ ರಜೆಗೆ ಬರುವಾಗ ತೆಗೆದುಕೊಂಡು ಬಾ.

ಇತಿ,
ನಿನ್ನ ದೊಡ್ಡಪ್ಪ