ಶಾಸಕರೇ, ಆ ಕೋಣೆಯ ಕೀಲಿ ತೆಗೆಸಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯವನು. ಟಂಟಂ ಓಡಿಸುತ್ತೇನೆ, ಮೂರು ಗಾಲಿಯ ಬಾಡಿಗೆ ಗಾಡಿ. ಊರಿನ ಹೆಸರು ಬೇಕಂತಲೇ ಬರೆದಿಲ್ಲ. ಬರೆದರೆ ಮರುದಿನವೇ ಹೆಡ್‌ಮಾಸ್ತರರಿಗೆ ನೋಟಿಸ್ ಹೋಗುತ್ತದೆ, ಹೈಸ್ಕೂಲಿನ ಸ್ಮಾರ್ಟ್ ಕ್ಲಾಸ್ ಕೋಣೆಯ ಕೀಲಿ ಮಾತ್ರ ಹಾಗೇ ಇರುತ್ತದೆ. ಮುಂದೆ ಓದುತ್ತಾ ಹೋದರೆ ಯಾವ ಊರು ಅಂತ ನಿಮಗೇ ಹೊಳೆಯುತ್ತದೆ. ಹೊಳೆಯದಿದ್ದರೆ ಇಂಥ ಕೋಣೆಗಳು ಕ್ಷೇತ್ರದಲ್ಲಿ ಇನ್ನೂ ಇವೆ ಅಂತ ಅರ್ಥ.

2024ರ ಆಗಸ್ಟ್ 23 ನೆನಪಿದೆಯಾ ಸಾಹೇಬರೇ? ಚಂದ್ರಯಾನ-3 ಇಳಿದು ಸರಿಯಾಗಿ ಒಂದು ವರ್ಷ. ದೇಶದಲ್ಲಿ ಮೊದಲ ಸಲ ರಾಷ್ಟ್ರೀಯ ಬಾಹ್ಯಾಕಾಶ ದಿನ ಆಚರಿಸಿದರು. ನೀವು ನಮ್ಮ ಹೈಸ್ಕೂಲಿಗೆ ಬಂದು ಸ್ಮಾರ್ಟ್ ಕ್ಲಾಸ್ ಕೋಣೆಯ ಟೇಪು ಕತ್ತರಿಸಿದಿರಿ. ಇನ್ನು ಮುಂದೆ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ 12 ಗಂಟೆಗೆ ಮಕ್ಕಳು ಇದೇ ಕೋಣೆಯಲ್ಲಿ ಕೂತು ಭೂಮಿ ಮತ್ತು ಬಾಹ್ಯಾಕಾಶ ವಿಜ್ಞಾನದ ಆನ್‌ಲೈನ್ ಪಾಠ ಕೇಳುತ್ತಾರೆ ಅಂದಿರಿ. ಭಾಸ್ಕರಾಚಾರ್ಯ ನಮ್ಮ ವಿಜಾಪುರದವನು ಅಂತಲೂ ಹೇಳಿದಿರಿ. ಅದಕ್ಕೆ ಮಹಾರಾಷ್ಟ್ರದವರದ್ದು ತಕರಾರಿದೆ, ಇರಲಿ. ಗೋಡೆಯ ಮೇಲೆ ವಿಕ್ರಮ್ ಲ್ಯಾಂಡರ್ ಇಳಿಯುವುದನ್ನು ತೋರಿಸಿದರು. ಎಂಟನೇ ತರಗತಿಯಲ್ಲಿದ್ದ ನನ್ನ ಮಗಳು ಮೊದಲ ಸಾಲಿನಲ್ಲಿದ್ದಳು. ನಾನು ಕಿಟಕಿಯಿಂದ ನೋಡಿದೆ. ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿ ಬಂತು.

ಸಂಜೆ 5ಕ್ಕೆ ಶಾಮಿಯಾನದ ಹುಡುಗ ನನ್ನ ಟಂಟಂಗೆ ಕೈ ಮಾಡಿದ. ಕುರ್ಚಿ, ಮೈಕ್ ಸೆಟ್, ಕಾರ್ಪೆಟ್ ಹೇರಿದೆವು. ಕೊನೆಗೆ ಒಂದು ಪೆಟ್ಟಿಗೆ ತಂದು ನನ್ನ ಸೀಟಿನ ಪಕ್ಕ ಇಟ್ಟ. ತೊಡೆಗೆ ತಾಗಿತು, ಇನ್ನೂ ಬೆಚ್ಚಗಿತ್ತು. ನೋಡಿದರೆ ಪ್ರೊಜೆಕ್ಟರ್.

"ಇದು ಸಾಲಿದಲ್ಲೇನೋ?" ಅಂದೆ.

"ಸಾಲಿದು ಇನ್ನೂ ಬರಬೇಕಂತ, ಕಾಕಾ. ಇವತ್ತ ಫಂಕ್ಷನ್ ಸಲುವಾಗಿ ನಮ್ದು ಬಾಡಿಗಿಗಿ ತಗೊಂಡಾರ. ನಾಳೆ ಲೋಕಾಪುರದಾಗ ಮದಿವಿ ಐತಿ, ಅಲ್ಲಿ ಬೇಕು."

ಹೀಗೆ ನಮ್ಮೂರ ಮಕ್ಕಳ ಆಕಾಶವನ್ನು ಮದುವೆ ಮನೆಗೆ ನಾನೇ ನನ್ನ ಕೈಯಾರೆ ಸಾಗಿಸಿದೆ. ಬಾಡಿಗೆ 350 ರೂಪಾಯಿ. ಶಾಮಿಯಾನದವರು ಶಾಲೆಯವರನ್ನು ಕೇಳು ಅಂದರು, ಶಾಲೆಯವರು ಕಾರ್ಯಕ್ರಮದ ಕಮಿಟಿಯನ್ನು ಕೇಳು ಅಂದರು, ಕಮಿಟಿಯವರು ನಿಮ್ಮ ಪಿಎ ಅವರನ್ನು ಕೇಳು ಅಂದರು. ಪಿಎ ಫೋನ್ ಎತ್ತುವುದಿಲ್ಲ.

ಶಾಲೆಯ ಪ್ರೊಜೆಕ್ಟರ್ ಇವತ್ತಿಗೂ ಬಂದಿಲ್ಲ. ನಾಲ್ಕು ಕಂಪ್ಯೂಟರ್ ಬಂದವು, ನಿಜ. ಇಂಟರ್ನೆಟ್ಟೂ ಮೂರು ತಿಂಗಳು ಇತ್ತಂತೆ. ಆಮೇಲೆ ಅದನ್ನು ನೋಡಿಕೊಳ್ಳುತ್ತಿದ್ದ ಮಾಸ್ತರರಿಗೆ ವರ್ಗಾವಣೆ ಆಯಿತು, ಪಾಸ್‌ವರ್ಡೂ ಅವರ ಜೊತೆ ವರ್ಗಾವಣೆ ಆಯಿತು. ಬಿಲ್ ಯಾರು ಕಟ್ಟಬೇಕು ಅನ್ನುವ ಮಾತು ಬಂದ ದಿನ ಕೋಣೆಗೆ ಕೀಲಿ ಬಿತ್ತು. ಮೊನ್ನೆ ಕಿಟಕಿಯ ಸಂದಿಯಿಂದ ಇಣುಕಿದೆ. ಬಿಸಿಯೂಟದ ಅಕ್ಕಿ ಚೀಲ, ಕಾಲು ಮುರಿದ ಬೆಂಚು, ನಾಲ್ಕು ಕಂಪ್ಯೂಟರ್ ಮೇಲೆ ಒಂದು ಹಳೇ ಸೀರೆ. ಚೀಲಕ್ಕೆ ನೆಲದ ತಂಪು ತಾಗಬಾರದು ಅಂತ ಕೆಳಗೆ ಅವತ್ತಿನ ಫ್ಲೆಕ್ಸ್ ಹಾಸಿದ್ದಾರೆ. ರಾಕೆಟ್ ಪೂರ್ತಿ ಚೀಲದ ಅಡಿ ಹೋಗಿದೆ. ನಿಮ್ಮ ಮುಖ ಕಾಣುತ್ತದೆ, ಎಡಗಿವಿಯನ್ನು ಇಲಿ ತಿಂದಿದೆ. ಬಲಗಿವಿ ಚೆನ್ನಾಗಿದೆ. ಅದರಲ್ಲಾದರೂ ಕೇಳಿಸಿಕೊಳ್ಳಿ: ಆ ಕೋಣೆಯ ಕೀಲಿ ತೆಗೆಸಿ.

ಈಗ ಪಾಠ ನಡೆಯುವ ರೀತಿ ಹೇಳುತ್ತೇನೆ. ಶನಿವಾರ ಲಿಂಕ್ ಹೆಡ್‌ಮಾಸ್ತರರ ವಾಟ್ಸಾಪಿಗೆ ಬರುತ್ತದೆ. ಅವರು ಪಾಲಕರ ಗ್ರೂಪಿಗೆ ಹಾಕುತ್ತಾರೆ, ಅಲ್ಲಿಗೆ ಅವರ ಕೆಲಸ ಮುಗಿಯಿತು. ನಮ್ಮ ಮನೆಯಲ್ಲಿ ಇರುವುದು ಒಂದೇ ಫೋನು, ನನ್ನದು. ಬಾಡಿಗೆ ಕರೆ ಬರುವುದೂ ಅದಕ್ಕೇ. ಆದರೂ ಶನಿವಾರ ಅದನ್ನು ಮಗಳ ಕೈಗೆ ಕೊಟ್ಟು ಬರಿಗೈಲಿ ಗಾಡಿ ತೆಗೆಯುತ್ತೇನೆ. ಒಂದು ಶನಿವಾರ ಬಾದಾಮಿ ಬನಶಂಕರಿಗೆ ಹೋಗಿಬರುವ 1,200 ರೂಪಾಯಿ ಬಾಡಿಗೆ ಹೀಗೇ ತಪ್ಪಿತು. ಅವರು ನಾಲ್ಕು ಸಲ ಫೋನ್ ಮಾಡಿದ್ದರು. ಪಾಠ ನಿಲ್ಲುತ್ತದೆ ಅಂತ ಮಗಳು ನಾಲ್ಕೂ ಸಲ ಕಟ್ ಮಾಡಿದ್ದಳು. ರಾತ್ರಿ ಅವಳ ಅವ್ವ ಬೈದಳು, ನಾನು ಬೈಯಲಿಲ್ಲ. ಗಾಡಿಯ ಕಂತು ಮಾತ್ರ ಆ ತಿಂಗಳು ತಡವಾಯಿತು, ದಂಡ ಕಟ್ಟಿದೆ.

ಊರೊಳಗೆ ಸಿಗ್ನಲ್ ಇಲ್ಲ. ಊರ ಹೊರಗಿನ ನೀರಿನ ಟ್ಯಾಂಕ್ ಇದೆಯಲ್ಲ, ಅದರ 11ನೇ ಮೆಟ್ಟಿಲಿನಲ್ಲಿ ಸಿಗ್ನಲ್ ಸಿಗುತ್ತದೆ. ಒಂಬತ್ತನೇ ತರಗತಿಯ ನಾಲ್ಕು ಹುಡುಗಿಯರು ಕಬ್ಬಿಣದ ಮೆಟ್ಟಿಲು ಹತ್ತಿ, ದುಪಟ್ಟಾ ತಲೆಗೆ ಕಟ್ಟಿಕೊಂಡು, ಒಂದು ಫೋನಿಗೆ ನಾಲ್ಕು ಮುಖ ಹಚ್ಚಿ ಕೂಡುತ್ತಾರೆ. ಬಾಗಲಕೋಟೆ ಬಿಸಿಲು ಮಧ್ಯಾಹ್ನ 12ಕ್ಕೆ ಹೇಗಿರುತ್ತದೆ ಅಂತ ಎಸಿ ಗಾಡಿಯಲ್ಲಿ ಓಡಾಡುವವರಿಗೂ ಗೊತ್ತಿರಬೇಕು. ವಾಟರ್‌ಮನ್ ನೋಡಿದರೆ ಓಡಿಸುತ್ತಾನೆ. ಅವನದೂ ತಪ್ಪಲ್ಲ. ಯಾರಾದರೂ ಬಿದ್ದರೆ ಅವನ ನೌಕರಿ ಹೋಗುತ್ತದೆ, ನಿಮ್ಮದಲ್ಲ.

ಇದೇ ಮೆಟ್ಟಿಲ ಮೇಲೆ ಒಂದು ಶನಿವಾರ ನಡೆದಿದ್ದು ಕೇಳಿ. ಪಾಠ ಇದ್ದದ್ದು ಕಲ್ಲುಗಳ ಮೇಲೆ, ಎಲ್ಲಾ ಇಂಗ್ಲಿಷಿನಲ್ಲಿ. ಮಧ್ಯದಲ್ಲಿ ಮೇಡಂ "ಕಲಾಡ್ಗಿ ಬೇಸಿನ್" ಅಂದರಂತೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮ ಕಲಾದಗಿನಾ? ಚಿಕ್ಕು, ದಾಳಿಂಬೆ ತರಲು ಹೋಗುವ ಕಲಾದಗಿ? ಹೌದು, ಅದೇ. ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಭೂವಿಜ್ಞಾನಿ 1876ರಲ್ಲೇ ಇಲ್ಲಿನ ಕಲ್ಲಿನ ಪದರಗಳಿಗೆ ಕಲಾದಗಿಯ ಹೆಸರು ಇಟ್ಟು ಬರೆದಿದ್ದಾನಂತೆ. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರ ಇತ್ತು, ಅದರ ಸಾಕ್ಷಿ ಈ ಕಲ್ಲಿನಲ್ಲೇ ಇದೆ, ಈಗ ಫೋಟೋ ನೋಡಿ ಅಂದರು ಮೇಡಂ. ಪರದೆಯ ಮೇಲೆ ಫೋಟೋ ಅರ್ಧ ಬಂತು. ಗುಂಡಗೆ ತಿರುಗುವ ಚಕ್ರ ಬಂತು. ತಿರುಗಿತು, ತಿರುಗಿತು, ಫೋನ್ ಬಿಸಿಯಾಗಿ ಆಫ್ ಆಯಿತು.

ಮಗಳು ಮನೆಗೆ ಬಂದು ಅತ್ತಳು. "ಅಪ್ಪಾ, ನಮ್ಮೂರಿಂದು ಹೇಳಾಕತ್ತಿದ್ರು, ಅದ ಕೇಳಲಿಲ್ಲ ನಂಗ."

ಮರುದಿನ ಟಂಟಂನಲ್ಲಿ ಅವಳನ್ನೂ ಗೆಳತಿಯರನ್ನೂ ಕಲಾದಗಿ ಕಡೆ ಕರೆದುಕೊಂಡು ಹೋದೆ. ಡೀಸೆಲ್ ನನ್ನದೇ. ದಾರಿಯ ಬದಿ ಪದರ ಪದರ ಕಲ್ಲು ಕಂಡಿತು. ಈ ಭಾಗದ ಸುಣ್ಣದ ಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್ ಅನ್ನುವ ಗುರುತು ಇರುತ್ತದಂತೆ. ಕೋಸುಗಡ್ಡೆಯನ್ನು ಅಡ್ಡ ಕೊಯ್ದರೆ ಸುತ್ತು ಸುತ್ತು ಕಾಣುತ್ತದಲ್ಲ, ಹಾಗೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಆಳವಿಲ್ಲದ ನೀರಿನಲ್ಲಿ ಪದರ ಪದರ ಬೆಳೆದು ಕಲ್ಲಾಗಿದ್ದು ಅದು. ನಾವು ನಾಲ್ಕು ಕಲ್ಲು ತಡವಿದೆವು. ಅದೇನಾ, ಅಲ್ಲವಾ, ಹೇಳುವವರು ಯಾರೂ ಇರಲಿಲ್ಲ. ಹೇಳುವವರು ಆ ಲಿಂಕಿನಲ್ಲಿದ್ದರು. ಲಿಂಕ್ ನೋಡುವ ಕೋಣೆಗೆ ಕೀಲಿ ಇತ್ತು.

ಈ ಪಾಠದಿಂದ ಹಳ್ಳಿ ಮಕ್ಕಳಿಗೆ ಏನು ಉಪಯೋಗ ಅಂತ ನಿಮ್ಮ ಹಿಂದೆ ಓಡಾಡುವವರೊಬ್ಬರು ನನ್ನನ್ನೇ ಕೇಳಿದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪಕ್ಕೆ ನಮ್ಮ ಅಡುಗೆಮನೆಯ ತಾಟು ತಾನಾಗೇ ಸದ್ದು ಮಾಡಿತ್ತು. ಆಗ ನಾನು ಸಣ್ಣವನು, ದೆವ್ವ ಅಂದುಕೊಂಡಿದ್ದೆ. 2021ರಲ್ಲಿ, 2022ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ನೆಲ ನಡುಗಿದಾಗ ನನ್ನ ಹೆಂಡತಿಯ ತವರಿನವರು ಮಕ್ಕಳನ್ನು ಕಟ್ಟಿಕೊಂಡು ಅಂಗಳದಲ್ಲಿ ಮಲಗಿದರು. ಯಾಕೆ ನಡುಗುತ್ತದೆ ಅಂತ ಹೇಳುವವರಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ಉಕ್ಕಿದ್ದು ನಿಮಗೇ ಗೊತ್ತು, ಬೋಟಿನಲ್ಲಿ ನಿಂತ ನಿಮ್ಮ ಫೋಟೋ ನಮ್ಮ ಹತ್ತಿರ ಇದೆ. ಇನ್ಯಾರಿಗೆ ಬೇಕು ಸಾಹೇಬರೇ ಭೂಮಿಯ ಪಾಠ? ಬೆಂಗಳೂರಿನವರಿಗೆ ಮಾತ್ರನಾ?

ಇಡೀ ಒಂದು ಪಾಠ ಪೂರ್ತಿ ಕೇಳಲು ಸಿಕ್ಕಿದ್ದು ಒಮ್ಮೆ ಮಾತ್ರ, ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಕೂತು. ಅದು ಗ್ರಹಣದ ಪಾಠ. 2025ರ ಸೆಪ್ಟೆಂಬರ್ 7ರ ರಾತ್ರಿ, 11 ಗಂಟೆಯಿಂದ 12:22ರ ತನಕ ಚಂದ್ರ ಪೂರ್ತಿ ನೆರಳಿನಲ್ಲಿದ್ದನಲ್ಲ, ಆ ಗ್ರಹಣ. ನನ್ನ ಅವ್ವ ನೀರಿನ ಕೊಡಕ್ಕೆ ದರ್ಭೆ ಹಾಕಿ ಬಾಗಿಲು ಹಾಕಿಕೊಂಡಿದ್ದಳು. ಮಗಳು ಮಾಳಿಗೆ ಮೇಲೆ ನಿಂತು ಓಣಿಯ ಹುಡುಗರಿಗೆಲ್ಲ ಪಾಠ ಮಾಡಿದಳು. ಭೂಮಿಯ ನೆರಳು ಬಿದ್ದರೂ ಚಂದ್ರ ಪೂರ್ತಿ ಕಪ್ಪಾಗುವುದಿಲ್ಲ, ನಮ್ಮ ಗಾಳಿಯ ಪದರದೊಳಗೆ ಬಾಗಿ ಹೋಗುವ ಸೂರ್ಯನ ಬೆಳಕಿನಲ್ಲಿ ಕೆಂಪು ಮಾತ್ರ ಅಲ್ಲಿಗೆ ಮುಟ್ಟುತ್ತದೆ, ಅದಕ್ಕೇ ಕೆಂಪು. ಹನ್ನೆರಡಕ್ಕೆ ಅವ್ವ ಬಾಗಿಲು ಒಂದು ಸ್ವಲ್ಪ ತೆಗೆದು, "ಎಲ್ಲೈತಿ, ತೋರಸು" ಅಂದಳು. ಒಂದೇ ಪಾಠಕ್ಕೆ ಇಷ್ಟು.

ಇಸ್ರೋದವರು 2019ರಿಂದ ಯುವಿಕಾ ಅಂತ ಯುವ ವಿಜ್ಞಾನಿಗಳ ಕಾರ್ಯಕ್ರಮ ನಡೆಸುತ್ತಾರೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಮಾತ್ರ. ಹಳ್ಳಿ ಶಾಲೆಯ ಮಕ್ಕಳಿಗೆ ಆಯ್ಕೆಯಲ್ಲಿ ಹೆಚ್ಚುವರಿ ಅಂಕವೂ ಉಂಟು. ಆದರೆ ಅರ್ಜಿ ಆನ್‌ಲೈನ್, ಕ್ವಿಜ್ಜೂ ಆನ್‌ಲೈನ್. ಮಗಳು ಅರ್ಜಿ ಹಾಕಿದಳು. ಕ್ವಿಜ್ ನಡುವೆ ನೆಟ್ ಹೋಯಿತು. ಹಳ್ಳಿಯವಳು ಅಂತ ಸಿಗುವ ಅಂಕ ಹಳ್ಳಿಯಲ್ಲಿದ್ದದ್ದಕ್ಕೇ ಹೋಯಿತು. ಜೂನ್‌ಗೆ ಅವಳು ಹತ್ತನೇ ತರಗತಿ. ಆ ಬಾಗಿಲು ಮುಚ್ಚಿತು.

ನಾನು ಸುಮ್ನೆ ಕೂತಿಲ್ಲ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 30 ದಿನದಲ್ಲಿ ಉತ್ತರ ಕೊಡಬೇಕು ಅನ್ನುವ ನಿಯಮ ನಿಮಗೆ ನಾನು ಹೇಳಬೇಕಾಗಿಲ್ಲ. 47ನೇ ದಿನ ಬಂತು. "ಸದರಿ ಕೊಠಡಿಯು ಸುಸ್ಥಿತಿಯಲ್ಲಿದ್ದು, ವಿದ್ಯಾರ್ಥಿಗಳು ಇದರ ಪ್ರಯೋಜನವನ್ನು ಪಡೆಯುತ್ತಿರುತ್ತಾರೆ." ಪ್ರಯೋಜನ ಪಡೆಯುತ್ತಿರುವುದು ಇಲಿ. ಸ್ಟಾಕ್ ರಿಜಿಸ್ಟರಿನಲ್ಲಿ ಪ್ರೊಜೆಕ್ಟರ್ ಇದೆಯಾ ಅಂತಲೂ ಕೇಳಿದ್ದೆ. ಆ ಪ್ರಶ್ನೆಗೆ ಉತ್ತರವೇ ಇಲ್ಲ. ನಿಧಿಯ ನಿಯಮ, ಬಿಲ್ ಪಾಸಾಗುವ ನಿಯಮ, ಶಾಲಾ ಸಮಿತಿಯಲ್ಲಿ ಯಾರ ಮಾತು ನಡೆಯುತ್ತದೆ, ಎಲ್ಲಾ ನಿಮಗೇ ಚೆನ್ನಾಗಿ ಗೊತ್ತು. ನಿಮಗೆ ಗೊತ್ತಿರುವುದನ್ನು ನಿಮಗೇ ಬರೆಯುವುದು ಬೇಸರದ ಕೆಲಸ.

ನಮ್ಮ ಪಂಚಾಯಿತಿ ಆಫೀಸಿಗೆ ಭಾರತ್‌ನೆಟ್ ಅನ್ನುವ ಸರ್ಕಾರಿ ಇಂಟರ್ನೆಟ್ ಕೇಬಲ್ ಬಂದಿದೆ. ಅಲ್ಲಿಂದ ಆ ಕೋಣೆಗೆ 200 ಹೆಜ್ಜೆ. ನಾನು ಎಣಿಸಿದ್ದೇನೆ, ನಡುವೆ ಒಂದು ಗಟಾರ ಬರುತ್ತದೆ, ಅಷ್ಟೇ. ಚಂದ್ರಯಾನ-3 ಜುಲೈ 14ಕ್ಕೆ ಹಾರಿ 40 ದಿನದಲ್ಲಿ ಚಂದ್ರನಲ್ಲಿ ಇಳಿಯಿತು. ಈ ಕೇಬಲಿಗೆ ಗಟಾರ ದಾಟಲು ಎಷ್ಟು ವರ್ಷ ಬೇಕು?

ಹೊಸದೇನೂ ಕೇಳುತ್ತಿಲ್ಲ. ಕೀಲಿ ತೆಗೆಸಿ. ಅಕ್ಕಿ ಚೀಲಕ್ಕೆ ಬೇರೆ ಜಾಗ ಮಾಡಿಸಿ. ಕೇಬಲ್ ಎಳೆಸಿ, ಬಿಲ್ ಯಾರು ಕಟ್ಟಬೇಕು ಅಂತ ಒಂದು ಕಾಗದದಲ್ಲಿ ಬರೆಸಿ. ಪಾಠ ಇಂಗ್ಲಿಷಿನಲ್ಲಿ ಬಂದರೆ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಬಿಡಿಸಿ ಹೇಳಲು ಒಬ್ಬ ವಿಜ್ಞಾನ ಮಾಸ್ತರರನ್ನು ಕೊಡಿ, ಅತಿಥಿ ಶಿಕ್ಷಕರಾದರೂ ನಡೆಯುತ್ತದೆ. ಎಲ್ಲಕ್ಕಿಂತ ಮೊದಲು ಕೀಲಿ ತೆಗೆಸಿ. ಮತ್ತೆ ಟೇಪು ಕತ್ತರಿಸಲು ಬರುವುದಾದರೆ ಬನ್ನಿ, ನಾವೇನೂ ಅನ್ನುವುದಿಲ್ಲ, ಹಾರ ಹಾಕುತ್ತೇವೆ. ಪ್ರೊಜೆಕ್ಟರ್ ಮಾತ್ರ ಶಾಲೆಯದೇ ಇರಲಿ.

ಬರುವ ಶನಿವಾರ 12ಕ್ಕೆ ಮತ್ತೆ ಪಾಠ ಇದೆ. ಕಲ್ಲಿನ ಪಾಠದ ಮುಂದಿನ ಭಾಗ ಅಂತ ಗ್ರೂಪಿನಲ್ಲಿ ಬಂದಿದೆ. ಅಷ್ಟರೊಳಗೆ ತೆಗೆಸಿದರೆ ನಾಲ್ಕು ಹುಡುಗಿಯರು ಟ್ಯಾಂಕ್ ಹತ್ತುವುದು ತಪ್ಪುತ್ತದೆ.

ಇಂತಿ,
ಒಬ್ಬ ಟಂಟಂ ಡ್ರೈವರ್, ಒಂಬತ್ತನೇ ತರಗತಿ ಹುಡುಗಿಯ ಅಪ್ಪ

ತಾ.ಕ.: ಪ್ರೊಜೆಕ್ಟರ್ ವಾಪಸ್ ಒಯ್ದ ಬಾಡಿಗೆ 350 ರೂಪಾಯಿ ನನಗೆ ಇನ್ನೂ ಬರಬೇಕು. ಅದನ್ನು ಕೇಬಲ್ಲಿನ ಖರ್ಚಿಗೆ ಹಿಡಿದುಕೊಳ್ಳಿ. ರಸೀದಿ ಕೊಟ್ಟರೆ ಸಾಕು.