ಆಪ್ತ ಗೆಳತಿಯಿಲ್ಲದವಳು ಗೆಳೆತನವನ್ನು ಬರೆಯಬಹುದೇ?

ಚಿರಂಜೀವಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರವೂ ಕಾದಂಬರಿಯ ಮೊದಲ ನಾಲ್ಕು ಅಧ್ಯಾಯಗಳೂ ತಲುಪಿದವು. ನಿಧಾನವಾಗಿ ಉತ್ತರ ಬರೆಯೋಣವೆಂದುಕೊಂಡಿದ್ದೆ. ಆದರೆ ಪತ್ರದ ಕೊನೆಗೆ ನೀನು ಸೇರಿಸಿರುವ ಎರಡು ಸಾಲು ನನ್ನನ್ನು ಸುಮ್ಮನಿರಗೊಡಲಿಲ್ಲ. ದರ್ಜಿ ಹೆಂಗಸು ಮತ್ತು ನರ್ಸ್ ಇವರಿಬ್ಬರ ಸ್ನೇಹ ನಂಬುವಂತಿಲ್ಲವೆಂದು ಓದಿದವರು ಹೇಳಿದರೆಂದೂ, ಆಪ್ತರೆನ್ನುವವರು ನಿನಗೇ ಯಾರೂ ಇಲ್ಲದಿರುವುದರಿಂದ ಅದು ನಿನ್ನಿಂದಾಗುವ ಕೆಲಸವೇ ಅಲ್ಲವೇನೋ ಎಂದೂ ಬರೆದಿದ್ದೀಯೆ. ಮೊದಲನೆಯದು ಬರವಣಿಗೆಯ ತೊಂದರೆ, ತಿದ್ದಿದರೆ ಹೋಗುತ್ತದೆ. ಎರಡನೆಯದನ್ನು ಓದಿದ ಮೇಲೆ ನನಗೆ ಸಮಾಧಾನವಿಲ್ಲ.

ಓದಿದವರ ಮಾತು ಪೂರ್ತಿ ಸುಳ್ಳಲ್ಲ. ಮೂರನೆಯ ಅಧ್ಯಾಯದಲ್ಲಿ ನರ್ಸ್ "ನಿನ್ನಂಥ ಗೆಳತಿ ಸಿಕ್ಕಿದ್ದು ನನ್ನ ಪುಣ್ಯ" ಎನ್ನುತ್ತಾಳೆ, ದರ್ಜಿ ಕಣ್ಣೊರೆಸಿಕೊಳ್ಳುತ್ತಾಳೆ. ಅಲ್ಲಿ ನನಗೂ ಏನೂ ಅನ್ನಿಸಲಿಲ್ಲ. ಆದರೆ ಮೊದಲನೆಯ ಅಧ್ಯಾಯದಲ್ಲಿ ನೀನು ಅಷ್ಟೇನೂ ಲಕ್ಷ್ಯ ಕೊಡದೆ ದಾಟಿಹೋದ ಒಂದು ಜಾಗವಿದೆ. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಕೆಳಗಿನ ಕೋಣೆಯಲ್ಲಿ ಮಲಗಿರುವಷ್ಟು ಹೊತ್ತು ದರ್ಜಿ ಹೊಲಿಗೆಯಂತ್ರವನ್ನು ತುಳಿಯುವುದಿಲ್ಲ. ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಅಂಚು ಮಡಚಿ ಹೊಲಿಯುವುದು, ಹೀಗೆ ಕೈಕೆಲಸವನ್ನೆಲ್ಲ ಆ ಹೊತ್ತಿಗೆಂದೇ ಉಳಿಸಿಕೊಂಡಿರುತ್ತಾಳೆ. ನರ್ಸಿಗೆ ಇದು ಗೊತ್ತೇ ಇಲ್ಲ. ಸ್ನೇಹವೆಂದರೇನೆಂದು ತಿಳಿಯದವಳಿಗೆ ಇದು ಹೊಳೆಯುವುದಾದರೂ ಹೇಗೆ, ನೀನೇ ಹೇಳು.

10ನೆಯ ಶತಮಾನದ ಪಂಪ ಕರ್ಣ ದುರ್ಯೋಧನರ ಸ್ನೇಹಕ್ಕೆ ಒದಗಿಸಿದ ಸಾಕ್ಷಿಯೂ ಇಷ್ಟೇ ಚಿಕ್ಕದು. ಹೆಚ್ಚಿನವರು ತಿಳಿದಿರುವ ಅರ್ಥದಂತೆ, ನೆತ್ತದಾಟದಲ್ಲಿ, ಅಂದರೆ ಪಗಡೆಯಲ್ಲಿ, ದುರ್ಯೋಧನನ ಹೆಂಡತಿ ಭಾನುಮತಿ ಸೋಲುತ್ತಾಳೆ, ಸೋತದ್ದನ್ನು ಕೊಡೆಂದು ಕರ್ಣ ಕಾಡುತ್ತಾನೆ, ಹಾರ ಹರಿದು ಮುತ್ತು ಚೆಲ್ಲುತ್ತದೆ. ಅದನ್ನು ಕಂಡ ದುರ್ಯೋಧನ ಯಾವ ಸಂಶಯವನ್ನೂ ಇಟ್ಟುಕೊಳ್ಳದೆ ಮುತ್ತುಗಳನ್ನು ತಾನು ಆಯ್ದುಕೊಡಲೇ ಎಂದು ಕೇಳುತ್ತಾನೆ. (ಈ ಪದ್ಯದ ಅರ್ಥಕ್ಕಾಗಿ ಪಂಡಿತರು ಸಾಕಷ್ಟು ವಾದಿಸಿದ್ದಾರೆ, ಅದು ಬೇರೆ ಮಾತು.) ಕೃಷ್ಣನು ಪಾಂಡವರ ಪಕ್ಷಕ್ಕೆ ಕರೆದಾಗ, ಅಂದರೆ ಸ್ನೇಹಕ್ಕೆ ಬೆಲೆ ತೆರಬೇಕಾದ ಗಳಿಗೆಯಲ್ಲಿ, ಪಂಪ ಇದನ್ನು ಕರ್ಣನ ಬಾಯಿಂದ ಆಡಿಸುತ್ತಾನೆ. ಸದ್ದು ಮಾಡದ ಆ ಹೊಲಿಗೆಯಂತ್ರವನ್ನು ನೀನೂ ಹಾಗೆಯೇ ಇಟ್ಟುಕೊಂಡು, ನರ್ಸಿಗೆ ಆ ಮನೆಯನ್ನು ಬಿಟ್ಟುಹೋಗುವ ಕಾರಣ ಒದಗಿದಾಗ ಮಾತ್ರ ಅವಳಿಗೆ ತಿಳಿಯುವಂತೆ ಮಾಡಬಹುದೇನೋ. ಕಥೆ ನಿನ್ನದು, ನಾನು ಹೇಳುವುದು ಅತಿಯಾದರೆ ಬಿಟ್ಟುಬಿಡು.

ಮತ್ತೆ ಆ ಎರಡು ಸಾಲಿಗೇ ಬರುತ್ತೇನೆ. ಆಪ್ತರು ಯಾರೂ ಇಲ್ಲವೆಂದು ನೀನು ಎಷ್ಟು ಸಲೀಸಾಗಿ ಬರೆದುಬಿಟ್ಟೆ! ನನ್ನ ಒಂದು ಕಿವಿ ಸರಿಯಾಗಿ ಕೇಳಿಸದೆಂಬುದು ನಿನಗೆ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಒಬ್ಬರಿದ್ದರು. ದಿನವೂ ಸಂಜೆ ಜೊತೆಯಾಗಿ ನಡೆದು ಬರುತ್ತಿದ್ದೆವು, ಚದುರಂಗದ ಹೊರತು ಹೆಚ್ಚೇನೂ ಮಾತಾಡುತ್ತಿರಲಿಲ್ಲ. ಯಾರಾದರೂ ಕೇಳಿದ್ದರೆ ಅವರನ್ನು ಸಹೋದ್ಯೋಗಿ ಎನ್ನುತ್ತಿದ್ದೆ. ಅವರಿಗೆ ವರ್ಗವಾಗಿ ಹೋದ ಮೇಲೆ ಬೇರೆಯವರ ಜೊತೆ ನಡೆಯುವಾಗ ಮತ್ತೆ ಮತ್ತೆ ಕತ್ತು ತಿರುಗಿಸಬೇಕಾಗಿ ಬಂತು. ಅಷ್ಟು ಕಾಲವೂ ಅವರು ನನ್ನ ಕೇಳುವ ಕಿವಿಯ ಕಡೆಗೇ ನಡೆಯುತ್ತಿದ್ದರೆಂಬುದು ಆಗ ತಿಳಿಯಿತು. ರಸ್ತೆ ದಾಟಿದಾಗಲೆಲ್ಲ ಬದಿ ಬದಲಿಸಿಕೊಂಡಿರಬೇಕು, ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ಇದನ್ನು ಅವರಿಗೆ ಬರೆಯಬೇಕೆಂದುಕೊಳ್ಳುವಷ್ಟರಲ್ಲಿ ವಿಳಾಸ ತಪ್ಪಿಹೋಗಿತ್ತು. ನಿನ್ನ ಪಕ್ಕದಲ್ಲಿಯೂ ಅಂಥವರು ಯಾರೂ ಇಲ್ಲವೆಂದು ಅಷ್ಟು ಖಚಿತವಾಗಿ ಹೇಳಬೇಡ. ನಿಜಕ್ಕೂ ಇಲ್ಲದಿದ್ದರೂ, ಹೊರಗೆ ನಿಂತು ಇತರರ ಒಡನಾಟವನ್ನು ಆಸೆಯಿಂದ ನೋಡಿದವರ ಕಣ್ಣಿಗೆ ಒಳಗಿರುವವರು ಗಮನಿಸದ ಸಂಗತಿಗಳು ಬೀಳುತ್ತವೆ.

ಉಳಿದದ್ದು ಕೆಲವು ಚೂರುಪಾರು ಮಾತು. ಒಟ್ಟಿಗೆ ಉಪ್ಪು ತಿನ್ನದೆ ಇಬ್ಬರು ಒಬ್ಬರನ್ನೊಬ್ಬರು ಅರಿಯಲಾರರೆಂಬ ಗಾದೆಯನ್ನು ಅರಿಸ್ಟಾಟಲ್ ನೆನೆಯುತ್ತಾನೆ. ಕಾನ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯವು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆಗಳ ಒಡನಾಟವೂ ಆಪ್ತಸ್ನೇಹವಾಗಲು 200 ಗಂಟೆಗಳಿಗೂ ಹೆಚ್ಚಿನ ಒಡನಾಟವೂ ಬೇಕೆಂದು ಅಂದಾಜು ಮಾಡಿದ್ದಾರೆ. ನಿನ್ನ ಇಬ್ಬರು ಎರಡನೆಯ ಭೇಟಿಯಲ್ಲಿಯೇ ಮನಸ್ಸು ಬಿಚ್ಚಿಬಿಡುತ್ತಾರೆ. ಅಷ್ಟು ಗಂಟೆಗಳನ್ನು ಪುಟದ ಮೇಲೆ ತೋರಿಸಲಾಗದು, ನಿಜ. ಆದರೆ ಒಬ್ಬಳು ಅರ್ಧಕ್ಕೆ ನಿಲ್ಲಿಸಿದ ಮಾತಿಗೆ ಇನ್ನೊಬ್ಬಳು ಉತ್ತರ ಕೊಡಲಿ, ಓದುಗರಿಗೆ ವಿವರಿಸದ ಒಂದು ಹಳೆಯ ತಮಾಷೆ ಇಬ್ಬರ ನಡುವೆ ಇರಲಿ. ಇಬ್ಬರಿಗೂ ಗೊತ್ತಿರುವುದನ್ನು ಅವರು ಪರಸ್ಪರ ಹೇಳಿಕೊಳ್ಳದಿದ್ದರೆ ಸಾಕು, ಕಾಲ ಕಳೆದಿದೆಯೆಂದು ಓದುವವರು ತಾವೇ ಊಹಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡ: ದರ್ಜಿಗೆ ನರ್ಸಿನ ದುಃಖ ಕೇಳುವುದರ ಹೊರತು ಬೇರೆ ಬದುಕೇ ಇದ್ದಂತಿಲ್ಲ. ಅವಳಿಗೂ ಒಂದು ಸ್ವಾರ್ಥ, ಒಂದು ಸಿಟ್ಟು, ನರ್ಸಿಗೆ ಸಂಬಂಧವಿಲ್ಲದ ಒಂದು ಹಟ ಬೇಕು. ಕೇಳಿಸಿಕೊಳ್ಳುವುದಕ್ಕೆಂದೇ ಇಟ್ಟ ಪಾತ್ರ ಯಾರಿಗೂ ಸ್ನೇಹಿತೆಯಾಗಲಾರದು. ನಿನ್ನನ್ನು ನೀನು ಆ ಜಾಗದಲ್ಲಿ ಕೂರಿಸಿಕೊಂಡಿದ್ದೀಯೇನೋ ಎಂಬ ಅನುಮಾನ ಓದುವಾಗ ಬಂತು, ಆ ಎರಡು ಸಾಲು ಅಲ್ಲಿಂದಲೇ ಹುಟ್ಟಿರಬಹುದೆಂದೂ ಅನ್ನಿಸಿತು. ನನ್ನ ಅನುಮಾನ ಸುಳ್ಳಾಗಿದ್ದರೆ ಸಂತೋಷ.

ನಾಲ್ಕನೆಯ ಅಧ್ಯಾಯದ ಜಗಳದ ಬಗ್ಗೆ ಈಗಲೇ ಏನೂ ಹೇಳಲಾರೆ. ನರ್ಸಿನ ಯಾವ ಗುಣವನ್ನು ದರ್ಜಿಗೆ ಸಹಿಸಲಾಗುವುದಿಲ್ಲ ಎಂಬುದು ನನಗೆ ಎಲ್ಲಿಯೂ ಕಾಣಲಿಲ್ಲ. ಅದನ್ನು ಯೋಚಿಸಿ ಮುಂದಿನ ಪತ್ರದಲ್ಲಿ ಬರೆ, ಐದನೆಯ ಅಧ್ಯಾಯವನ್ನು ಆಮೇಲೆ ಕಳುಹಿಸಿದರಾಯಿತು.

ಇತಿ,
ನಿನ್ನ ಸೋದರಮಾವ